ಕರೆಂಟಿಲ್ಲದ ಕರೆಂಟು

ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದೆ. ನೋವು ಹೊತ್ತುಕೊಂಡು ಬರುವವರ ಜಾಗದಲ್ಲಿ ನಗುವಂಥದ್ದೇನು ನಡೆದೀತು ಎಂದು ಸೇರಿದ ಹೊಸದರಲ್ಲಿ ಅಂದುಕೊಂಡಿದ್ದೆ. ವಾರಕ್ಕೊಂದಾದರೂ ನಡೆಯುತ್ತಿತ್ತು. ಕಿರುಗಾವಲು ಕಡೆಯ ಒಬ್ಬ ಗೌಡರು ಮತ್ತು ಅವರ ಹೆಂಡತಿಯ ಪಾಲೇ ಅದರಲ್ಲಿ ಹೆಚ್ಚು.

ಎಕ್ಕಡದ ಅಳತೆ

ಗೌಡರಿಗೆ ಐವತ್ತರ ಹತ್ತಿರ ವಯಸ್ಸು. ಬಿಡದ ತಲೆನೋವೆಂದು ಬಂದಿದ್ದರು. ಡಾಕ್ಟರು ಅವರ ದವಡೆ ನೋಡಿದರು, ದಪ್ಪ ಬೆರಳುಗಳನ್ನು ಹಿಡಿದು ನೋಡಿದರು, ಆಮೇಲೆ ಕಾಲು ನೋಡಿ, "ಚಪ್ಪಲಿ ಬಿಗಿಯಾಗ್ತಿದೆಯಾ?" ಎಂದು ಕೇಳಿದರು.

"ಅದೊಂದು ಕತೆ ಬುಡಿ ಸಾ," ಎಂದರು ಹೆಂಡತಿ. "ಮಳವಳ್ಳೀಲಿ ಕಾಲಿಟ್ಟು ಅಳತೆ ಕೊಟ್ಟು ಎಕ್ಕಡ ಒಲಿಸ್ತಾರೆ. ವರ್ಸ ತುಂಬೋದ್ರೊಳಗೆ ಚಿಕ್ಕದಾಯ್ತವೆ. ಕೆಟ್ಟ ಚರ್ಮ ಆಕಿದ್ದೀಯ ಅಂತ ಅಂಗಡಿ ಮುಂದೆ ನಿಂತು ಜಗಳ ಆಡವ್ರೆ."

ಡಾಕ್ಟರು ತಲೆಯ ಎಕ್ಸ್‌ರೇಗೆ ನನ್ನ ಹತ್ತಿರ ಕಳಿಸಿದರು. ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂದೆ, ಕಡಲೆಕಾಳಿನಷ್ಟು ಗ್ರಂಥಿ ಕೂರುವ ಒಂದು ಗುಳಿ ಇರುತ್ತದೆ. ಗೌಡರ ಫಿಲ್ಮಿನಲ್ಲಿ ಅದು ಮಡಕೆಯಂತೆ ಅಗಲವಾಗಿತ್ತು. ಅಲ್ಲೊಂದು ಗಡ್ಡೆ ಬೆಳೆದಿದೆ, ಕೈಕಾಲು ಬೆಳೆಸುತ್ತಿರುವುದು ಅದೇ, ಹಾಗೇ ಬಿಟ್ಟರೆ ಕಣ್ಣಿಗೆ ತೊಂದರೆ, ಜೀವಕ್ಕೂ ತೊಂದರೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಗೌಡರು ಬಗ್ಗಿ ತಮ್ಮ ಕಾಲು ನೋಡಿಕೊಂಡರು.

"ಅಂಗಾದ್ರೆ ಎಕ್ಕಡ ಒಲಿಯೋನ ತೆಪ್ಪಿಲ್ಲ. ಸುಮ್ನೆ ಬೈದ್ಬುಟ್ಟೆ."

"ಒಬ್ಬನ್ನಾ?" ಎಂದರು ಹೆಂಡತಿ. "ಮೂರು ಜನಾನ."

ಪಂಪ್‌ಸೆಟ್ಟು

ತಲೆ ಕೊಯ್ಯದೆ ಕಿರಣದಿಂದಲೇ ಗಡ್ಡೆ ಅಡಗಿಸುವ ಕೋಬಾಲ್ಟ್ ಯಂತ್ರ ಬೆಂಗಳೂರಿನಲ್ಲಿತ್ತು. ನಮ್ಮ ಕಡೆ ಜನ ಅದಕ್ಕೆ ಕರೆಂಟು ಕೊಡಿಸೋದು ಎನ್ನುತ್ತಿದ್ದರು. ಗೌಡರ ಕಣ್ಣಿಗಿನ್ನೂ ಏನೂ ಆಗಿರಲಿಲ್ಲವಾದ್ದರಿಂದ ಅದೇ ಸಾಕೆಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ಗೌಡರು ಚೀಟಿ ಹಿಡಿದು ನನ್ನ ರೂಮಿಗೆ ಬಂದರು. ಡಾಕ್ಟರ ಮುಂದೆ ಕೇಳಲಾಗದ್ದನ್ನು ಎಲ್ಲರೂ ನನ್ನ ಹತ್ತಿರವೇ ಕೇಳುತ್ತಿದ್ದರು.

"ಸಾ, ಅವ್ರು ಕೊಡ್ತಾ ಇರುವಾಗ್ಲೇ ಕರೆಂಟು ಓಯ್ತು ಅನ್ನಿ. ತಲೆ ಒಳಗೆ ಅರ್ದಕ್ಕೇ ನಿಂತೋದ್ರೆ ನನ್ ಗತಿ?"

ಅದು ಕರೆಂಟಿನಿಂದ ಹುಟ್ಟುವ ಕಿರಣವಲ್ಲ, ಯಂತ್ರದೊಳಗೆ ಕೋಬಾಲ್ಟ್ ಎಂಬ ಲೋಹವಿದೆ, ಅದರಿಂದ ತಾನಾಗಿಯೇ ಬರುತ್ತದೆ ಎಂದೆ.

"ಅಗಲೂ ರಾತ್ರೀನೂ ಬತ್ತದಾ?"

"ಬರುತ್ತೆ."

"ಮಳೆ ಗಾಳಿ ಬಂದ್ರೂವೆ?"

"ಯಾವುದಕ್ಕೂ ನಿಲ್ಲಲ್ಲ."

ಗೌಡರು ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು. "ಇದ್ರಲ್ಲೇ ಕೆಳಗೆ ನಮ್ಮ ಪಂಪ್‌ಸೆಟ್ಟಿಗೂ ಒಂದು ಬರೆಯಾಕೆ ಏಳಿ ಸಾ."

ಅಡ್ಡ ಏನೂ ಇಲ್ಲ

ಬೆಂಗಳೂರಿನಲ್ಲಿ ಐದಾರು ವಾರದ ಚಿಕಿತ್ಸೆ. ಶನಿವಾರ, ಭಾನುವಾರ ಬಿಡುವು. ಒಂದು ಶನಿವಾರ ನಾನು ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದರೆ, ರೈಲಿನಲ್ಲಿ ಬಂದಿಳಿದ ಗಂಡ ಹೆಂಡತಿ ಅದರಲ್ಲೇ ಕೂತಿದ್ದರು. ಗೌಡರ ಎರಡು ಕಣತಲೆಯ ಮೇಲೂ ನೇರಳೆ ಶಾಯಿಯ ಗುರುತು. ಕಿರಣ ಬಿಡುವ ಜಾಗ ತಪ್ಪದಿರಲೆಂದು ಹಾಕಿದ್ದು, ತೊಳೆಯುವ ಹಾಗಿಲ್ಲ.

ಪಕ್ಕದಲ್ಲಿ ಕೂತಿದ್ದ ಅವರ ಊರಿನವನೊಬ್ಬ ಸುಮ್ಮನಿರಲಾಗದೆ ಕೇಳಿದ, "ಏನ್ಲಾ ಅದು?"

"ಈ ಕಡೆಯಿಂದ ಒಂದ್ಸಲ, ಆ ಕಡೆಯಿಂದ ಒಂದ್ಸಲ ಬೆಳಕು ಬುಡ್ತಾರೆ ಕಣ್ಲಾ. ನಡುವೆ ಇರೋ ಗಡ್ಡೆಗೆ ಓಗಿ ಬೀಳ್ತದೆ."

"ಮೊದ್ಲು ಮಿದುಳು ಅಡ್ಡ ಸಿಗಾಕಿಲ್ವಾ?"

ಗೌಡರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಿಟಕಿ ಪಕ್ಕದಿಂದ ಹೆಂಡತಿ, "ಮೂವತ್ತು ವರ್ಸದಿಂದ ಸಂಸಾರ ಮಾಡ್ತಿದ್ದೀನಿ," ಎಂದರು. "ಅಂತದ್ದೇನೂ ಅಡ್ಡ ಸಿಗಾಕಿಲ್ಲ."

ಮೊದಲ ದಿನ

ವರ್ಷ ಕಳೆದ ಮೇಲೆ ಗೌಡರು ಮತ್ತೆ ಎಕ್ಸ್‌ರೇಗೆ ಬಂದರು. ತಲೆನೋವು ಬಿಟ್ಟಿತ್ತು. ಬೆರಳುಗಳ ದಪ್ಪ ಸ್ವಲ್ಪ ಇಳಿದಿತ್ತು. ಫಿಲ್ಮಿನಲ್ಲಿ ಆ ಗುಳಿ ಮೊದಲಿಗಿಂತ ದೊಡ್ಡದಾಗಿರಲಿಲ್ಲ. ಗಡ್ಡೆ ಬೆಳೆಯುವುದು ನಿಂತಿದೆ ಎಂದು ಡಾಕ್ಟರು ಹೇಳಿದಾಗ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವರು ಔಷಧಿ ತರಲು ಹೋದಾಗ ಗೌಡರನ್ನು ಕೇಳಿದೆ, "ಅಲ್ಲಿ ಮೊದಲ ದಿನ ಹೆದರಿಕೆ ಆಗಲಿಲ್ವಾ?"

ಗೌಡರು ಬಾಗಿಲ ಕಡೆ ನೋಡಿ, ಹೆಂಡತಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು.

"ಆಗಿತ್ತು ಸಾ. ನನ್ನ ಮಲಗಿಸಿ, ತಲೆ ಎರಡು ಕಡೆಗೂ ಮರಳಿನ ಚೀಲ ಇಟ್ಟು, ಅಲ್ಲಾಡಬ್ಯಾಡಿ ಅಂದು, ಎಲ್ರೂ ಬಿರಬಿರನೆ ಆಚೆಗೆ ಒಂಟ್ರು. ಇದು ಒಳ್ಳೇದಾಗಿದ್ರೆ ಇವ್ರು ಯಾಕೆ ಓಡ್ತಾರೆ ಅನ್ನಿಸ್ತು. ನಾನೂ ಮೆಲ್ಲಗೆ ಎದ್ದು ಅವ್ರ ಹಿಂದೇನೇ ಬಂದ್ಬುಟ್ಟೆ. ಯಾರೂ ತಿರುಗಿ ನೋಡ್ಲಿಲ್ಲ. ಬಾಗಿಲು ಆಕ್ಕಂಡ್ರು."

"ಆಮೇಲೆ?"

"ಮಿಸಿನ್ನು ನಡೆಸೋರು ಕುರ್ಚಿ ಮೇಲೆ ಕೂತು, ನನ್ನ ಕಾಗದ ನೋಡ್ತಾ, ಒಳಗಿನ ರೂಮಿಗೆ ಕೇಳೋ ಮೈಕಲ್ಲಿ ಏಳಿದ್ರು: ಗೌಡ್ರೇ, ಸುರು ಮಾಡ್ತೀವಿ, ಅಲ್ಲಾಡಬ್ಯಾಡಿ. ಅಷ್ಟು ಮರ್ಯಾದೆಯಾಗಿ ಏಳುವಾಗ ಉತ್ತರ ಕೊಡದೆ ಇರಾಕಾಯ್ತದಾ? ಅವ್ರ ಕುರ್ಚಿ ಹಿಂದೆ ನಿಂತ್ಕಂಡೇ ಏಳ್ದೆ: ಇಲ್ಲ ಸಾ, ಅಲ್ಲಾಡ್ತಾ ಇಲ್ಲ."