ಕಕ್ಕಿಂಜೆಯ ಬೈಕ್

ಜಿತೇಶನ ಮೊಬೈಲಿಗೆ ಬಂದ ಒಂದು ಫೋಟೋವೇ ಎಲ್ಲ ಅನಾಹುತಕ್ಕೂ ಮೂಲ. ಫೋಟೋದಲ್ಲಿ ಒಂದು ಟೂರಿಂಗ್ ಬೈಕ್ ನಿಂತಿತ್ತು. ಎತ್ತರದ ಸೀಟು, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಬದಿಗೆ ಸಾಮಾನು ತುಂಬುವ ಪೆಟ್ಟಿಗೆ. ಕೆಳಗೆ ‘ಕಕ್ಕಿಂಜೆಯಲ್ಲಿ ಉಂಟು, ಹೆಚ್ಚು ಓಡಿಲ್ಲ, ಬೆಲೆ ಕಡಿಮೆ’ ಎಂದು ಬರೆದಿತ್ತು. ನೋಡಿದಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ.

ಬಿ.ಸಿ.ರೋಡಿನಲ್ಲಿ ರಾತ್ರಿ ಬಸ್ಸುಗಳ ಟಿಕೆಟ್ ಬುಕ್ಕಿಂಗ್ ಮಾಡುವುದು ಜಿತೇಶನ ಕೆಲಸ. ಊರಿನವರನ್ನೆಲ್ಲ ಬೆಂಗಳೂರಿಗೆ, ಮುಂಬೈಗೆ, ಗೋವಾಕ್ಕೆ ಕಿಟಕಿ ಸೀಟು ಕೊಟ್ಟು ಕಳಿಸಿದವನು ತಾನು ಮಾತ್ರ ಚಾರ್ಮಾಡಿ ಘಾಟಿಯ ಆಚೆ ಏನುಂಟೆಂದು ಕಂಡವನಲ್ಲ. ನಲವತ್ತು ತುಂಬಿತ್ತು. ಕೂದಲು ಹೋಗುತ್ತಿತ್ತು, ಹೊಟ್ಟೆ ಬರುತ್ತಿತ್ತು. ಈ ವರ್ಷ ತಾನಾಗಿ ಹೊರಡದಿದ್ದರೆ ಇನ್ನು ನಾಲ್ಕು ಜನ ಹೊತ್ತುಕೊಂಡೇ ಹೊರಡಿಸಬೇಕು ಎಂಬ ಭಯ ಅವನನ್ನು ಹಿಡಿದಿತ್ತು.

ಹೆಂಡತಿ ವಿಜೇತಾ ಬೇಡ ಎನ್ನಲಿಲ್ಲ. ಅಂದಿದ್ದರೆ ಅವನು ಬಚಾವಾಗುತ್ತಿದ್ದ.

“ತೆಗೊಳ್ಳಿ. ಆದ್ರೆ ಸೆಕೆಂಡ್ ಹ್ಯಾಂಡ್ ಅಂದ್ರೆ ಯಾರೋ ಬೇಡ ಅಂತ ಬಿಟ್ಟದ್ದು. ಯಾಕೆ ಬಿಟ್ಟದ್ದು ಅಂತ ಕೇಳಿ ಬನ್ನಿ” ಎಂದಳು.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಸುಲೈಮಾನ್ ತನ್ನ ಹಳೆಯ ಓಮ್ನಿ ತಂದು ಗೇಟಿನ ಮುಂದೆ ನಿಲ್ಲಿಸಿದ. ಬೈಕ್ ಪರೀಕ್ಷೆ ಮಾಡಲು ಜಿತೇಶನೇ ಅವನನ್ನು ಕರೆದದ್ದು. ಯಾರೂ ಕರೆಯದೆ ಬಂದವರು ಪಕ್ಕದ ಮನೆಯ ಸುಬ್ಬಯ್ಯ. ಪಂಚಾಯತು ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಇದ್ದದ್ದು ಒಂದೇ ಕೆಲಸ: ಯಾರ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರದು ಯಾವ ಬಳಿ ಎಂಬುದನ್ನು ಬಾಯಿಪಾಠ ಮಾಡಿಕೊಂಡು ತಿರುಗುವುದು. ಬಳಿ ಎಂದರೆ ಈ ಕಡೆಯ ಗೋತ್ರ. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ.

“ಆಟಿ ತಿಂಗಳಲ್ಲಿ ಗಾಡಿ ತೆಗೊಳ್ಳುವುದಾ? ನಿನಗೆ ಮರ್ಲಾ ಮಾರಾಯ?” ಎಂದರು ಸುಬ್ಬಯ್ಯ. ಮಳೆಗಾಲದ ಆಟಿಯಲ್ಲಿ ಈ ಕಡೆ ಯಾರೂ ಶುಭಕಾರ್ಯಕ್ಕೆ ಕೈಹಾಕುವುದಿಲ್ಲ.

“ನೋಡಿ ಬರುವುದು ಮಾತ್ರ ಮಾವ.”

“ನೋಡ್ಲಿಕ್ಕಾದ್ರೆ ನಾನೂ ಬರ್ತೇನೆ” ಎಂದು ಅವರು ಓಮ್ನಿಯ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಕರೆದುಕೊಂಡು ಹೊರಟ ಜಿತೇಶ ಹಿಂದೆ ಬ್ಯಾಟರಿ, ಸ್ಪ್ಯಾನರ್, ಗ್ರೀಸ್ ಡಬ್ಬಿಗಳ ನಡುವೆ ಮುದುಡಿಕೊಂಡ.

ದಾರಿಯುದ್ದಕ್ಕೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. “ಎಂಜಿನ್ ಚೆಂದ ಇದ್ರೆ ಬಿಡ್ಬೇಡಿ ಜಿತೇಶಣ್ಣ” ಎಂದು ಸುಲೈಮಾನ್ ಅಂದರೆ, ಸುಬ್ಬಯ್ಯ ಕಿಟಕಿಯಿಂದ ಕೈ ಹೊರಗೆ ಚಾಚಿ, “ಈ ತಿರುವಿನಲ್ಲೇ ನಮ್ಮ ಐತಪ್ಪನ ಮಗ ಬೈಕಿನಿಂದ ಬಿದ್ದದ್ದು. ತಲೆ ಒಂದು ಕಡೆ, ಚಪ್ಪಲಿ ಒಂದು ಕಡೆ” ಎನ್ನುತ್ತಿದ್ದರು. ಪುಂಜಾಲಕಟ್ಟೆಯಲ್ಲಿ ಒಬ್ಬ, ಮಡಂತ್ಯಾರಿನಲ್ಲಿ ಒಬ್ಬ, ಗುರುವಾಯನಕೆರೆಯಲ್ಲಿ ಅಳಿಯ ಮಾವ ಇಬ್ಬರು. ಉಜಿರೆ ದಾಟುವ ಹೊತ್ತಿಗೆ ಜಿತೇಶ ಬೈಕ್ ಮುಟ್ಟದೆಯೇ ಅರ್ಧ ಸತ್ತಿದ್ದ. ಆಕಾಶವೂ ಮುಖ ಊದಿಸಿಕೊಂಡು ಜೊತೆಗೇ ಬರುತ್ತಿತ್ತು.

ಕಕ್ಕಿಂಜೆಯಲ್ಲಿ ರಸ್ತೆ ಬದಿಯ ಮನೆ. ಯಜಮಾನ ಹುಕ್ರಪ್ಪ ಅಂಗಳಕ್ಕೆ ಬಂದು ಕೈಮುಗಿದರು. ಪಕ್ಕದ ಶೆಡ್ಡಿನಲ್ಲಿ ಅವರ ಹೆಂಡತಿ ಸೇಸಮ್ಮ ಬೈಕಿನ ಗಾಜು ಒರೆಸುತ್ತಿದ್ದರು. ಮಗುವಿನ ಮುಖ ಒರೆಸುವಷ್ಟು ಮೆತ್ತಗೆ.

ಬೈಕ್ ಫೋಟೋಕ್ಕಿಂತ ಚೆಂದ ಇತ್ತು. ಆದರೂ ಜಿತೇಶ ಹೆಂಡತಿಯ ಮಾತು ನೆನಪಿಟ್ಟು, “ಯಾಕೆ ಕೊಡುವುದು ಇದನ್ನು?” ಎಂದು ಕೇಳಿದ.

“ಓಡಿಸುವವ ಇಲ್ಲ” ಎಂದರು ಹುಕ್ರಪ್ಪ. “ನಮ್ಮ ಮನ್ವಿತ್‌ನದ್ದು. ಲಡಾಕಿಗೆ ಹೋಗ್ತೇನೆ ಅಂತ ತೆಗೊಂಡದ್ದು. ಪೆಟ್ಟಿಗೆ ಕೂರಿಸಿದ ವಾರವೇ ಜಾಂಡೀಸ್ ಬಂತು. ಮೊನ್ನೆಗೆ ಎರಡು ವರ್ಷ ಆಯ್ತು.”

“ಮದುವೆ?” ಎಂದರು ಸುಬ್ಬಯ್ಯ.

“ಅದೂ ಆಗ್ಲಿಲ್ಲ” ಎಂದು ಸೇಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹುಕ್ರಪ್ಪ ಒಂದು ವಿಷಯ ಮುಚ್ಚಿಡದೆ ಹೇಳಿದರು. “ಬೆಳ್ತಂಗಡಿಯವರೊಬ್ರು ಬಂದಿದ್ರು, ಮೂಡಬಿದ್ರೆಯಿಂದ ಒಬ್ರು ಡಾಕ್ಟ್ರು ಬಂದಿದ್ರು. ಯಾರ ಕೈಯಲ್ಲೂ ಸ್ಟಾರ್ಟ್ ಆಗ್ಲಿಲ್ಲ. ಮನ್ವಿತ್‌ಗೆ ಕೊಡುವ ಮನಸ್ಸಿಲ್ಲ, ಮತ್ತೇನು? ಅದಕ್ಕೇ ನಾವು ನಿಶ್ಚಯ ಮಾಡಿದ್ದೇವೆ. ಯಾರ ಕೈಯಲ್ಲಿ ಸ್ಟಾರ್ಟ್ ಆಗ್ತದೋ ಅವರಿಗೇ ಕೊಡುವುದು.”

ಸುಬ್ಬಯ್ಯನವರನ್ನು ಕರೆದುಕೊಂಡು ಗಂಡ ಹೆಂಡತಿ ಚಾ ಕುಡಿಯಲು ಜಗಲಿಗೆ ಹೋದರು. ಸುಲೈಮಾನ್ ಸೀಟು ಬಿಚ್ಚಿ ಒಮ್ಮೆ ಇಣುಕಿದವನೇ ನಕ್ಕುಬಿಟ್ಟ. “ಬ್ಯಾಟರಿ ಸತ್ತಿದೆ ಜಿತೇಶಣ್ಣ, ಬೇರೆ ಏನೂ ಇಲ್ಲ. ಹೋಗಿ ಹೇಳುವ.”

ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೆಟ್ಟ ಬುದ್ಧಿ ಬರುವಾಗ ಒಳ್ಳೆಯ ಬುದ್ಧಿಯ ವೇಷ ಹಾಕಿಕೊಂಡೇ ಬರುತ್ತದೆ.

“ಸುಮ್ಮನಿರು ಮಾರಾಯ” ಎಂದ ಜಿತೇಶ. “ಬ್ಯಾಟರಿ ಮಾತ್ರ ಅಂತ ಗೊತ್ತಾದ್ರೆ ಬೆಲೆ ಏರ್ತದೆ, ಆ ಡಾಕ್ಟ್ರೂ ವಾಪಸು ಬರ್ತಾರೆ. ನಿನ್ನ ಓಮ್ನಿಯ ಹಿಂದೆ ಒಂದು ಬೈಕಿನ ಬ್ಯಾಟರಿ ಉಂಟಲ್ಲ, ಅದನ್ನು ಹಾಕು. ಅವರ ಎದುರೇ ನಾನು ಸ್ಟಾರ್ಟ್ ಮಾಡ್ತೇನೆ.”

ಸುಲೈಮಾನ್‌ಗೆ ಇಷ್ಟವಿರಲಿಲ್ಲ. “ಸತ್ತವರ ವಿಷಯ ಅಣ್ಣ” ಎಂದು ಗೊಣಗಿದ. ಆದರೂ ಬ್ಯಾಟರಿ ಬದಲಾಯಿಸಿ ಸೀಟು ಮುಚ್ಚಿದ. ಜಿತೇಶ ಬೈಕ್ ಹತ್ತಿ ಕೂತು, ಮುಖದಲ್ಲಿ ಆದಷ್ಟು ಭಕ್ತಿ ತಂದುಕೊಂಡು, ಮನೆಯವರನ್ನು ಕೂಗಿ ಕರೆದ.

ಅಷ್ಟರಲ್ಲಿ ಜಗಲಿಯಲ್ಲಿ ಮಾತು ಬಹಳ ದೂರ ಹೋಗಿತ್ತು. ಈ ಸೀಮೆಯಲ್ಲಿ ಸತ್ತ ಮಾತ್ರಕ್ಕೆ ಮದುವೆಯಿಂದ ತಪ್ಪಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ಮದುವೆಯಾಗದೆ ಹೋದವರಿಗೆ, ಹಾಗೆಯೇ ಹೋದ ಒಂದು ಹೆಣ್ಣನ್ನೋ ಗಂಡನ್ನೋ ಹುಡುಕಿ, ಜಾತಿ ಬಳಿ ನೋಡಿ, ವೀಳ್ಯ ಬದಲಾಯಿಸಿ, ಸೀರೆ ಇಟ್ಟು, ಊಟ ಹಾಕಿ ಮದುವೆ ಮಾಡಿಸುತ್ತಾರೆ. ಕುಲೆ ಮದುವೆ ಎನ್ನುತ್ತಾರೆ. ಹಾಲುಗಲ್ಲದ ವಯಸ್ಸಿನಲ್ಲಿ ಹೋದ ಮಕ್ಕಳೂ ಆ ಲೋಕದಲ್ಲಿ ವರ್ಷ ವರ್ಷ ಬೆಳೆದು ಪ್ರಾಯಕ್ಕೆ ಬರುತ್ತಾರೆಂಬ ನಂಬಿಕೆ. ಮನ್ವಿತ್‌ಗೆ ಹೆಣ್ಣು ಸಿಗದೆ ಸೇಸಮ್ಮ ಸೋತುಹೋಗಿದ್ದರು. ಇದನ್ನು ಕೇಳಿದ ಮೇಲೆ ಸುಬ್ಬಯ್ಯನವರ ಬಾಯಿ ಸುಮ್ಮನಿರುವುದುಂಟೇ?

ಶೆಡ್ಡಿನ ಕಡೆ ನಡೆದು ಬರುತ್ತಲೇ ಅವರು ಹೇಳುತ್ತಿದ್ದರು: “ನಿಮ್ಮದೇ ಜಾತಿ, ಬಳಿ ಬೇರೆ. ಈ ಜಿತೇಶನ ತಂಗಿಯೇ. ಎಂಟು ತಿಂಗಳಲ್ಲಿ ಹೋದದ್ದು, ಇದ್ದಿದ್ರೆ ಈಗ ಮೂವತ್ತೊಂದು. ಹರಿಣಾಕ್ಷಿ ಅಂತ ಹೆಸರು!”

ಜಿತೇಶನ ಹೆಬ್ಬೆರಳು ಸ್ವಿಚ್ಚಿನ ಮೇಲಿತ್ತು. ಒತ್ತಿಬಿಟ್ಟ.

ಬೈಕ್ ಗುಡುಗಿತು. ಶೆಡ್ಡಿನ ಶೀಟುಗಳು ಅದುರಿದವು, ಮಾಡಿನಲ್ಲಿದ್ದ ಎರಡು ಪಾರಿವಾಳ ಹಾರಿಹೋದವು.

“ಒಪ್ಪಿದ!” ಎಂದು ಸೇಸಮ್ಮ ಬೈಕಿನ ಹ್ಯಾಂಡಲ್ ತಬ್ಬಿಕೊಂಡು ಅತ್ತರು. “ಹುಡುಗಿಯ ಹೆಸರು ಕೇಳಿದ್ದೇ ನನ್ನ ಮಗ ಒಪ್ಪಿದ!”

ಜಿತೇಶ ಬಾಯಿ ತೆರೆದ. ಬ್ಯಾಟರಿಯ ವಿಷಯ ಹೇಳಹೊರಟು ಮತ್ತೆ ಮುಚ್ಚಿದ. ಈಗ ಹೇಳಿದರೆ ತಾನು ಕಳ್ಳ. ಸುಲೈಮಾನ್ ಶೆಡ್ಡಿನ ಮಾಡನ್ನು ನೋಡುತ್ತ ನಿಂತಿದ್ದ.

ಆಮೇಲೆ ಜಿತೇಶನಿಗೇ ಹೊಳೆಯಿತು. ಸಂಬಂಧ ಆದ ಮೇಲೆ ವ್ಯಾಪಾರ ಎಲ್ಲಿಯದು? ಭಾವನ ಬೈಕ್ ಭಾವನಿಗಲ್ಲದೆ ಬೇರೆ ಯಾರಿಗೆ ಕೊಡುತ್ತಾರೆ? ಇಷ್ಟು ಹೊತ್ತು ಕಪ್ಪಿಟ್ಟಿದ್ದ ಮುಖ ಅರಳಿತು. ಅವನು ಅಂಗಳದ ಮೂಲೆಗೆ ಹೋಗಿ ತಾಯಿ ಸರಸಕ್ಕನಿಗೆ ಫೋನ್ ಮಾಡಿದ.

“ಅಮ್ಮ, ಹರಿಣಾಕ್ಷಿಗೆ ಕಕ್ಕಿಂಜೆಯಿಂದ ಒಂದು ಸಂಬಂಧ ಬಂದಿದೆ.”

“ಹುಡುಗ ಹೇಗೆ?” ಎಂದರು ಸರಸಕ್ಕ.

ಜಗಲಿಯ ಗೋಡೆಯ ಮೇಲೆ ಮಾಲೆ ಹಾಕಿದ ಮನ್ವಿತ್‌ನ ಫೋಟೋ ಕಾಣುತ್ತಿತ್ತು. “ಒಳ್ಳೆಯವನಂತೆ ಅಮ್ಮ. ಕುಡಿತ ಗಿಡಿತ ಏನಿಲ್ಲ.”

“ಆಗ್ಲಿ ಮಗಾ” ಎನ್ನುವಾಗ ಅವರ ಸ್ವರ ಒಡೆಯಿತು. “ನಾನು ಹೋದ ಮೇಲೆ ಅವಳನ್ನು ನೆನಪು ಮಾಡಿ ಎಡೆ ಬಡಿಸುವವರು ಯಾರು ಅಂತ ಇತ್ತು ನನಗೆ. ಅವಳಿಗೂ ಒಂದು ಮನೆ ಆಯ್ತಲ್ಲ. ನೀನಾದ್ರೂ ಅವಳ ವಿಚಾರ ಮಾಡಿದಿ.”

ಜಿತೇಶನಿಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ಆದರೆ ಬೈಕ್ ಕಣ್ಣೆದುರೇ ಇದ್ದದ್ದರಿಂದ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಹುಕ್ರಪ್ಪ ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆ ತಂದರು. ಸುಬ್ಬಯ್ಯ ಎರಡೂ ಕಡೆಯ ಹಿರಿಯರಾಗಿ ನಿಂತು ಬದಲಾಯಿಸಿದರು. ಕುಲೆ ಮದುವೆಗೆ ಆಟಿಯೇ ಆಗಬೇಕು, ಅದು ಮುಗಿಯುವುದರೊಳಗೆ ಮದುವೆ, ಊಟದ ಖರ್ಚು ಹೆಣ್ಣಿನ ಕಡೆಯವರದ್ದು ಎಂದೂ ಅವರೇ ಉದಾರವಾಗಿ ಹೇಳಿಬಿಟ್ಟರು. ಎಲ್ಲ ಮುಗಿದ ಮೇಲೆ ಜಿತೇಶ ಮೆತ್ತಗೆ ಕೇಳಿದ.

“ಹಾಗಾದ್ರೆ ಬೈಕ್ ಇವತ್ತೇ ತೆಗೊಂಡು ಹೋಗುವುದಾ, ಮದುವೆ ಕಳೆದ ಮೇಲಾ?”

ಮದುಮಗನ ಪಂಚೆ ಬಿಚ್ಚಿ ಕೊಡಿ ಎಂದು ಕೇಳಿದಂತೆ ಹುಕ್ರಪ್ಪ ಅವನನ್ನು ನೋಡಿದರು.

“ಬೈಕಾ? ಇಷ್ಟು ದಿನ ಒಂಟಿ ಹುಡುಗ, ಕೊಟ್ಟುಬಿಡುವ ಅಂತ ಇದ್ದದ್ದು. ಈಗ ಮದುವೆಯಾಗುವವನ ಬೈಕ್ ಮಾರ್ಲಿಕ್ಕೆ ಆಗ್ತದಾ ಮಾರಾಯ್ರೆ? ನಿಮ್ಮ ತಂಗಿಯನ್ನು ಅವ ಬಸ್ಸಿನಲ್ಲಿ ಕರ್ಕೊಂಡು ಹೋಗುವುದಾ?”

“ಲಡಾಕಿಗೆ ಇಬ್ಬರೂ ಒಟ್ಟಿಗೆ ಹೋಗ್ಲಿ” ಎಂದರು ಸೇಸಮ್ಮ. ಎರಡು ವರ್ಷದಲ್ಲಿ ಮೊದಲ ಸಲ ನಕ್ಕರೋ ಏನೋ, ನಗು ಅವರ ಮುಖಕ್ಕೆ ಸರಿಯಾಗಿ ಹೊಂದುತ್ತಿರಲಿಲ್ಲ. “ನಿಮ್ಮ ಕೈಯಲ್ಲಿ ಸ್ಟಾರ್ಟ್ ಆಗ್ತದಲ್ಲ ಮಗಾ, ವಾರಕ್ಕೊಮ್ಮೆ ಬಂದು ನಿಂತಲ್ಲೇ ಸ್ಟಾರ್ಟ್ ಮಾಡಿ ಇಟ್ಟು ಹೋಗಿ. ಮತ್ತೆ ಸೀರೆ ಬಳೆ ಎಲ್ಲ ನಾವು ಇಡ್ತೇವೆ. ನಿಮ್ಮ ಕಡೆಯಿಂದ ಹುಡುಗಿಗೆ ಒಂದು ಹೆಲ್ಮೆಟ್ ಆಗ್ಬೇಕು. ಘಾಟಿಯಲ್ಲಿ ಪೊಲೀಸ್ನೋರು ಇರ್ತಾರೆ.”

ತಾಯಿಯ ಸ್ವರ ಇನ್ನೂ ಕಿವಿಯಲ್ಲಿತ್ತು. ಜಿತೇಶ ತಲೆ ಆಡಿಸಿದ.

ವಾಪಸು ಬರುವಾಗ ಸುಬ್ಬಯ್ಯ ಮುಂದಿನ ಸೀಟಿನಲ್ಲಿ ಕೂತು ಮದುವೆಯ ಅಡುಗೆಗೆ ಯಾರನ್ನು ಕರೆಯುವುದೆಂದು ಫೋನಿನಲ್ಲಿ ಮಾತಾಡುತ್ತಿದ್ದರು. ಸುಲೈಮಾನ್ ಕನ್ನಡಿಯಲ್ಲಿ ಹಿಂದೆ ನೋಡಿ, “ನನ್ನ ಬ್ಯಾಟರಿ ಅದರೊಳಗೇ ಉಳಿಯಿತಲ್ಲ ಜಿತೇಶಣ್ಣ” ಎಂದ.

“ಇರ್ಲಿ ಮಾರಾಯ. ವರದಕ್ಷಿಣೆ ಅಂತ ತಿಳ್ಕೊಳ್ಳುವ.”

ಬೆಳ್ತಂಗಡಿಯಲ್ಲಿ ಒಂದು ಹೆಲ್ಮೆಟ್ ಅಂಗಡಿ ಕಂಡದ್ದೇ ಸುಬ್ಬಯ್ಯ ಓಮ್ನಿ ನಿಲ್ಲಿಸಲು ಹೇಳಿದರು. ಶುಭಕಾರ್ಯ ಮುಂದೆ ಹಾಕಬಾರದಂತೆ. ಜಿತೇಶ ಒಬ್ಬನೇ ಇಳಿದು ಹೋದ.

“ಯಾರಿಗೆ ಅಣ್ಣ?” ಎಂದ ಅಂಗಡಿಯವ.

“ತಂಗಿಗೆ.”

ಆ ಮಾತು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಬಾಯಿಗೆ ಹೊಸದೆನಿಸಿತು.

“ತಲೆ ಸೈಜ್ ಎಷ್ಟಾಗ್ಬಹುದು? ಸಣ್ಣದಾ, ಮೀಡಿಯಮ್ಮಾ?”

ಜಿತೇಶ ಯೋಚಿಸಿದ. ಅವನಿಗೆ ಆಗ ಒಂಬತ್ತು ವರ್ಷ. ತೊಡೆಯ ಮೇಲೆ ಮಲಗಿಸಿಕೊಂಡರೆ ತಲೆ ಒಂದು ಅಂಗೈಯಲ್ಲಿ ಕೂರುತ್ತಿತ್ತು. ಎಣ್ಣೆ ಹಚ್ಚಿ ಬೆಚ್ಚಗೆ ಇರುತ್ತಿತ್ತು. ಅವನು ಕೈ ಎತ್ತಿ ಅಷ್ಟು ಗಾತ್ರ ತೋರಿಸಿದ. ಅಂಗಡಿಯವ ನಕ್ಕ. ಜಿತೇಶ ಬೆರಳುಗಳನ್ನು ಸ್ವಲ್ಪ ಅಗಲಿಸಿದ, ಇನ್ನೂ ಸ್ವಲ್ಪ ಅಗಲಿಸಿದ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎರಡೂ ಕೈ ಗಾಳಿಯಲ್ಲಿ ಹಿಡಿದುಕೊಂಡೇ ನಿಂತ.

ಅಂಗಡಿಯವನಿಗೆ ಗಿರಾಕಿಯ ಕಷ್ಟ ಅರ್ಥವಾಯಿತು.

“ಅಂದಾಜಿಗೆ ತೆಗೊಂಡು ಹೋಗ್ಬೇಡಿ ಅಣ್ಣ, ಮತ್ತೆ ಬದಲಾಯಿಸ್ಲಿಕ್ಕೆ ಬರ್ಬೇಕಾಗ್ತದೆ” ಎಂದ. “ನಾಳೆ ಅವರನ್ನೇ ಕೂರಿಸ್ಕೊಂಡು ಬನ್ನಿ. ನಿಮ್ಮತ್ರ ಬೈಕ್ ಉಂಟಲ್ಲ?”