ಹಿಮಕ್ಕೆ ಬಂಗುಡೆ ವಾಸನೆ

ಹೆದರಿಕೊಳ್ಳುವುದಕ್ಕೇ ಸಂಬಳ ಸಿಗುವ ಕೆಲಸ ನನ್ನದು. ಕುವೈತಿನ ಮೀನಾ ಅಬ್ದುಲ್ಲಾದ ರಿಫೈನರಿ ಕಡೆ ಒಂದು ಗುತ್ತಿಗೆ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಏಣಿ ಕಂಡರೆ ಯಾರೋ ಬೀಳ್ತಾರೆ, ವಯರ್ ಕಂಡರೆ ಯಾರಿಗೋ ಶಾಕ್ ಹೊಡೀತದೆ, ಏನೂ ಕಾಣದಿದ್ದರೆ ನನ್ನ ಕಣ್ಣಿಗೆ ಏನೋ ತಪ್ಪಿಹೋಗಿದೆ. ಮನೆಗೆ ಬಂದ ಮೇಲೂ ಈ ರೋಗ ಬಿಡುವುದಿಲ್ಲ. ಎಗೈಲಾದ ನಮ್ಮ ಫ್ಲಾಟಿನಲ್ಲಿ ಕುಕ್ಕರ್ ಮೂರನೇ ಸೀಟಿ ಹಾಕುವಷ್ಟರಲ್ಲಿ ನಾನು ಸೋಫಾದಿಂದ ಎದ್ದು ಹೊರಬಾಗಿಲ ಹತ್ತಿರ ನಿಂತಿರುತ್ತೇನೆ.

ಇಂಥವನನ್ನೇ ಹೆದರಿಸುವ ಪ್ರಸಂಗಗಳು ಹುಡುಕಿಕೊಂಡು ಬರುವುದು ಯಾಕೆ ಅಂತ ಒಮ್ಮೆ ಹೆಂಡತಿಯ ಹತ್ತಿರ ಕೇಳಿದೆ. "ಹೆದರುವವರ ಮನೆಯ ಅಡ್ರೆಸ್ ಅವಕ್ಕೆ ಗೊತ್ತುಂಟು" ಅಂದಳು. ಮೊನ್ನೆಯ ಚಳಿಗಾಲದಲ್ಲಿ ಅವೆಲ್ಲ ಹಿಮದ ವೇಷ ಹಾಕಿಕೊಂಡು ಬಂದವು. ಹೌದು, ಕುವೈತಿನಲ್ಲೇ.

ಚೀಟಿ ಎತ್ತಿದ್ದು

ನಮ್ಮ ಕನ್ನಡದವರ ಕೂಟದಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಭಾಷಣ ಇಡುತ್ತಾರೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು ಅವತ್ತು ಒಂದು ದಿನವಾದರೂ ಕನ್ನಡ ಮಾತಾಡಲಿ ಅಂತ. ಹದಿನೈದು ದಿನ ಮೊದಲು ಮಕ್ಕಳಿಂದ ಚೀಟಿ ಎತ್ತಿಸಿ ವಿಷಯ ಕೊಡುತ್ತಾರೆ.

ನನ್ನ ಮಗಳು ಮೂರನೇ ಕ್ಲಾಸು. ಹಿಂದಿನ ವರ್ಷ ಅವಳಿಗೆ "ನನ್ನ ಅಜ್ಜಿ" ಅಂತ ಸುಲಭದ ವಿಷಯವೇ ಬಂದಿತ್ತು. ಮೈಕ್ ಹಿಡಿದು ನಿಂತವಳಿಗೆ ಒಂದೇ ಒಂದು ಶಬ್ದ ಹೊರಡಲಿಲ್ಲ. ಒಂದು ನಿಮಿಷ ಹಾಗೇ ನಿಂತು, ಇಳಿದು ಬಂದು ಅಮ್ಮನ ಮಡಿಲಲ್ಲಿ ಮುಖ ಹುಗಿದವಳು ಊಟ ಮುಗಿಯುವವರೆಗೂ ಎತ್ತಲಿಲ್ಲ. ಆಮೇಲೆ ಶಾಲೆಯಲ್ಲೂ ಕೈ ಎತ್ತುವುದಿಲ್ಲ, ಕೇಳಿದರೆ ತಲೆ ತಗ್ಗಿಸುತ್ತಾಳೆ ಅಂತ ಟೀಚರ್ ಹೇಳಿದರು. ಈ ವರ್ಷ ತಾನಾಗಿಯೇ ಬಂದು, "ಪಪ್ಪಾ, ಒನ್ ಮೋರ್ ಟೈಮ್. ಈ ಸಲವೂ ಹಾಗೇ ಆದ್ರೆ ನೆವರ್ ಅಗೇನ್" ಅಂದಳು. ಎಂಟು ವರ್ಷದ ಮಗುವಿನ ಬಾಯಲ್ಲಿ ಆ "ನೆವರ್" ಕೇಳಿದ್ದೇ ಸೈ, ಈ ಹುಡುಗಿ ಈ ಸಲ ಬಾಯಿ ಬಿಡದಿದ್ದರೆ ಇನ್ನು ಬಿಡುವುದೇ ಇಲ್ಲ ಅಂತ ನನಗೆ ಖಾತ್ರಿಯಾಗಿ ಹೋಯಿತು.

ಚೀಟಿ ಬಿಡಿಸಿ ನೋಡಿದರೆ: "ಚಳಿಗಾಲದ ಮೊದಲ ಹಿಮ."

ನಾನು ಕಾರ್ಯದರ್ಶಿಗಳ ಹತ್ತಿರ ಓಡಿದೆ. "ಇದೆಂಥ ವಿಷಯ ಮಾರಾಯ್ರೆ? ಇಲ್ಲಿ ಹಿಮ ಎಲ್ಲುಂಟು?"

"ಇಲ್ಲ ಅಂತಲೇ ಕೊಟ್ಟದ್ದು. ಮಕ್ಕಳ ಕಲ್ಪನೆ ಬೆಳೀಬೇಕಲ್ಲ?"

"ಅವಳಿಗೊಂದು ಬೇರೆ ಚೀಟಿ ಕೊಡಿ, ದಮ್ಮಯ್ಯ."

"ಹಾಗೆಲ್ಲ ಆಗುವುದಿಲ್ಲ. ಅಲ್ಲಿ ನಿಂತಿದ್ದಾನಲ್ಲ, ಆ ಹುಡುಗನಿಗೆ 'ನಮ್ಮೂರ ಹೊಳೆಯ ನೆರೆ' ಬಂದಿದೆ. ಅವ ಹುಟ್ಟಿದ್ದು ಇಲ್ಲೇ ಫಹಾಹೀಲಿನಲ್ಲಿ. ಅವನಪ್ಪ ಏನಾದ್ರೂ ಗಲಾಟೆ ಮಾಡಿದ್ರಾ?"

ವಾಪಸು ಬರುವಾಗ ಕಾರಿನಲ್ಲಿ ಮಗಳು ಮೆಲ್ಲಗೆ ಕೇಳಿದಳು, "ಪಪ್ಪಾ, ಐ ಹ್ಯಾವ್ ನೆವರ್ ಸೀನ್ ಸ್ನೋ. ನೋಡದೆ ಹೇಗೆ ಹೇಳುವುದು?"

"ನಾನು ತೋರಿಸ್ತೇನೆ ಪುಟ್ಟಾ!" ಅಂತ ನನ್ನ ಬಾಯಿಂದ ಬಿದ್ದುಹೋಯಿತು.

"ವೇರ್?"

ನಾನು ಕಾರಿನ ಎ.ಸಿ. ಒಂದು ಪಾಯಿಂಟ್ ಜಾಸ್ತಿ ಮಾಡಿದೆ.

ಹಿಮದ ಟೂಲ್‌ಬಾಕ್ಸ್

ಸೈಟಿನಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ ಹತ್ತು ನಿಮಿಷ ಎಚ್ಚರಿಕೆ ಹೇಳುವುದುಂಟು. ಅದಕ್ಕೆ ನಮ್ಮಲ್ಲಿ ಟೂಲ್‌ಬಾಕ್ಸ್ ಟಾಕ್ ಅನ್ನುತ್ತಾರೆ. ಕೇಳಿದವರೆಲ್ಲ ಕೊನೆಗೆ ಒಂದು ಹಾಳೆಯಲ್ಲಿ ಸೈನ್ ಮಾಡಬೇಕು, ಎದುರಿಗೆ ಟೈಮ್ ಬರೀಬೇಕು. ಸೈನ್ ಎಲ್ಲರೂ ಮಾಡುತ್ತಾರೆ, ಟೈಮ್ ಯಾರೂ ಬರೆಯುವುದಿಲ್ಲ. "ಟೈಮ್ ಬರೀಲಿಲ್ಲ, ಟೈಮ್ ಬರೀಲಿಲ್ಲ" ಅಂತ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ.

ಈ ಟೂಲ್‌ಬಾಕ್ಸ್ ಮಾತನ್ನು ನಾನು ದಿನಾ ಬೆಳಿಗ್ಗೆ ಗಡ್ಡ ಕೆರೆಯುವಾಗ ಬಾತ್‌ರೂಮಿನ ಕನ್ನಡಿಯೆದುರು ಒಮ್ಮೆ ಜೋರಾಗಿ ಹೇಳಿ ನೋಡಿಕೊಳ್ಳುತ್ತೇನೆ. ಮೂವತ್ತು ಜನರ ಎದುರು ನಿಲ್ಲಲು ನನಗೂ ಹೆದರಿಕೆಯೇ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಮಗಳಿಗೋಸ್ಕರ ಹಿಮದ ಬಗ್ಗೆ ಓದುತ್ತಾ ಹೋದೆ. ಓದಿದ್ದು ಮೂವತ್ತು ಜನರಿಗೆ ಅರ್ಥವಾದರೆ ಒಬ್ಬಳಿಗೆ ಖಂಡಿತ ಅರ್ಥವಾಗುತ್ತದೆ ಅಂತ ಲೆಕ್ಕ ಹಾಕಿ, ಒಂದು ದಿನ ಟೂಲ್‌ಬಾಕ್ಸಿನಲ್ಲಿ ಹಿಮವನ್ನೇ ಎತ್ತಿಕೊಂಡೆ. "ಹಿಮ ಬೆಳ್ಳಗಿಲ್ಲ. ಒಂದೊಂದು ಹರಳೂ ಗಾಜಿನ ಹಾಗೆ, ಬಣ್ಣವೇ ಇಲ್ಲ. ಬೆಳಕು ಅವುಗಳ ಮಧ್ಯೆ ಚದುರಿ ನಮಗೆ ಬೆಳ್ಳಗೆ ಕಾಣುವುದು. ಹರಳಿಗೆ ಆರು ಮೂಲೆ. ಹೊಸ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿಯೇ. ಅದು ಸದ್ದನ್ನು ನುಂಗುತ್ತದೆ, ಹಾಗಾಗಿ ಹಿಮ ಬಿದ್ದ ಊರು ಗಪ್‌ಚಿಪ್."

ನಮ್ಮ ಫೋರ್‌ಮನ್ ಒಬ್ಬರಿದ್ದಾರೆ, ಬಂಟ್ವಾಳ ಕಡೆಯ ಬ್ಯಾರಿಗಳು. ಸೈಟಿನವರಿಗೆಲ್ಲ ಕಾಕ. ಅವರು ಹೆಲ್ಮೆಟ್ ತೆಗೆದು ತಲೆ ಕೆರೆದರು. "ಸಾರ್, ಎಲ್ಲ ಸರಿ. ಆದರೆ ಇವತ್ತು ನಮಗಿರುವುದು ಪೈಪಿಗೆ ಪೇಂಟ್ ಹೊಡಿಯುವ ಕೆಲಸ ಅಲ್ವಾ?"

ಹಿಂದಿನ ಸಾಲಿನ ನೇಪಾಳದವನೊಬ್ಬ ಕೈ ಎತ್ತಿದ. ಅಲ್ಲಿದ್ದವರಲ್ಲಿ ಹಿಮ ಕಂಡವ ಅವನೊಬ್ಬನೇ. "ಸಾಬ್, ಗಾಳಿ ಅಂತ ನಂಬಬೇಡಿ. ಒದ್ದೆ ಹಿಮ ಭಾರೀ ತೂಕ. ನಮ್ಮ ಕೊಟ್ಟಿಗೆಯ ತಗಡಿನ ಮಾಡು ಕುಸಿದುಬಿತ್ತು" ಅಂದ.

ಸುಮ್ಮನಿರಲಾಗದೆ ನಾನು ತಲೆಯೆತ್ತಿ ನಮ್ಮ ಸ್ಟೋರಿನ ತಗಡಿನ ಮಾಡು ನೋಡಿದೆ. ಎರಡು ಬೋಲ್ಟ್ ಸಡಿಲ ಇತ್ತು.

ಆ ವಾರವೇ ಅಹ್ಮದಿಯಲ್ಲಿರುವ ದೊಡ್ಡ ಆಫೀಸಿನಿಂದ ತಪಾಸಣೆಗೆ ಬಂದ ಸಾಹೇಬರು ಹಾಳೆ ತಿರುವಿ, ವಿಷಯದ ಜಾಗದಲ್ಲಿ "ಹಿಮ" ಅಂತ ಬರೆದದ್ದನ್ನು ಎರಡು ಸಲ ಓದಿದರು. ಕೆಲಸ ಹೋಯಿತು ಅಂತಲೇ ಅಂದುಕೊಂಡೆ. ಇಲ್ಲಿರಲು ಬೇಕಾದ ಇಕಾಮಾ, ಫ್ಲಾಟು, ಮಗಳ ಶಾಲೆ, ಎಲ್ಲ ಒಮ್ಮೆ ಕಣ್ಣೆದುರು ಬಂತು. ಅವರು ಕನ್ನಡಕ ತೆಗೆದು ನನ್ನ ಕೈ ಕುಲುಕಿದರು. "ಮುಂದಾಲೋಚನೆ ಅಂದರೆ ಇದು! ಹಿಮ ಬಿದ್ದರೆ, ಆಲಿಕಲ್ಲು ಬಿದ್ದರೆ ಏನು ಮಾಡಬೇಕು, ಒಂದು ಪ್ಲಾನ್ ಬರೆದು ಕೊಡಿ."

ಕುಳಿತು ಏಳು ಪುಟ ಬರೆದೆ. ಮರುಭೂಮಿಯಲ್ಲಿ ಹಿಮಕ್ಕೆ ಸಿದ್ಧವಾಗಿ ನಿಂತ ಕಂಪನಿ ನಮ್ಮದೊಂದೇ ಇರಬೇಕು.

ಮನೆಯೊಳಗೆ ಹಿಮಪಾತ

ಭಾಷಣಕ್ಕೆ ಒಂದು ವಾರ. ಮಗಳು ನಾನು ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿದ್ದಳು. ಆದರೆ ನನ್ನೆದುರು ಹೇಳಲು ನಿಂತರೆ ಎರಡನೇ ವಾಕ್ಯಕ್ಕೆ ಸ್ವರ ಅಡಗುತ್ತಿತ್ತು. "ಐ ಡೋಂಟ್ ನೋ ಇಟ್, ಪಪ್ಪಾ. ಐ ಓನ್ಲಿ ಲರ್ನ್ಡ್ ಇಟ್" ಅಂದಳು. ತೋರಿಸ್ತೇನೆ ಅಂದ ಅಪ್ಪ ಇನ್ನೂ ಏನೂ ತೋರಿಸಿರಲಿಲ್ಲ.

ಆಗ ಹೊಳೆಯಿತು: ನಮ್ಮ ಫ್ರೀಜರ್! ಊರಿಂದ ತಂದ ಬಂಗುಡೆ, ಅಂಜಲ್ ಮೀನು, ತೆಂಗಿನತುರಿಯ ಪ್ಯಾಕೆಟ್, ಎಲ್ಲದರ ಮೇಲೆ ನಾಲ್ಕು ಬೆರಳು ದಪ್ಪ ಬಿಳಿ ಹೆಪ್ಪು. ಗಾಳಿಯ ತೇವ ನೀರಾಗದೆ ನೇರ ಹರಳಾಗಿ ಕೂತದ್ದು. ಮೋಡದಲ್ಲಿ ಹಿಮ ಆಗುವುದೂ ಹಾಗೆಯೇ ಅಂತ ಓದಿದ್ದೆ. ಹಿಮ ಮನೆಯಲ್ಲೇ ಇರುವಾಗ ಊರೆಲ್ಲ ಹುಡುಕುವುದಾ!

ಮಗಳಿಗೆ ಸೈಟಿನ ಗ್ಲೌಸು, ಕನ್ನಡಕ, ಹೆಲ್ಮೆಟ್ ಹಾಕಿಸಿದೆ. ಫ್ರೀಜರಿನ ಪ್ಲಗ್ ತೆಗೆದು, ದೋಸೆ ಮಗುಚುವ ಸಟ್ಟುಗದಲ್ಲಿ ಮೆಲ್ಲಗೆ ಕೆರೆದೆ. ಪುಡಿಪುಡಿಯಾಗಿ ಅವಳ ಅಂಗೈ ಮೇಲೆ ಉದುರಿತು. ಅವಳ ಕಣ್ಣು ಅಗಲವಾಯಿತು. ಬಾಗಿ ಮುಖದ ಹತ್ತಿರ ತಂದಳು.

"ಪಪ್ಪಾ," ಅಂದಳು, "ಸ್ನೋ ಸ್ಮೆಲ್ಸ್ ಆಫ್ ಬಂಗುಡೆ."

"ಅದು... ನಮ್ಮ ಮನೆಯ ಹಿಮ ಪುಟ್ಟಾ. ಎಲ್ಲ ಕಡೆ ಹಾಗಿರುವುದಿಲ್ಲ."

ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು, ಸೊಂಟಕ್ಕೆ ಕೈಯಿಟ್ಟು, ಕಾಲಿನಿಂದ ಬಕೆಟ್ ಮುಂದೆ ತಳ್ಳಿದಳು. "ಆರು ತಿಂಗಳಿಂದ ಬಡ್ಕೊಳ್ತಾ ಇದ್ದೇನೆ ಫ್ರೀಜರ್ ಕ್ಲೀನ್ ಮಾಡಿ ಅಂತ. ಭಾಷಣ ವರ್ಷಕ್ಕೊಮ್ಮೆ ಯಾಕೆ, ತಿಂಗಳಿಗೊಮ್ಮೆ ಇಡ್ಲಿಕ್ಕೆ ಹೇಳಿ!"

ಅಸೆಂಬ್ಲಿ ಪಾಯಿಂಟ್

ಭಾಷಣದ ಹಿಂದಿನ ದಿನ, ಗುರುವಾರ. ಬೆಳಿಗ್ಗೆಯಿಂದ ಆಕಾಶ ಕಪ್ಪು. ಮಧ್ಯಾಹ್ನ ಮೂರಕ್ಕೆ, ಡ್ಯೂಟಿ ಮುಗಿಯುವ ಹೊತ್ತಿಗೆ ಸ್ಟೋರಿನ ತಗಡಿನ ಮೇಲೆ ಟಣ್ ಅಂತ ಒಂದು ಸದ್ದು. ಮತ್ತೊಂದು. ಆಮೇಲೆ ಯಾರೋ ಮೇಲಿಂದ ಬೊಗಸೆಬೊಗಸೆ ಜಲ್ಲಿ ಸುರಿದ ಹಾಗೆ ಆಲಿಕಲ್ಲು.

ಅಲ್ಲಿದ್ದವರೆಲ್ಲ ಮಾಡಿನ ಕೆಳಗೆ ಬೆಚ್ಚಗೆ ನಿಂತು ಫೋನಿನಲ್ಲಿ ವೀಡಿಯೊ ತೆಗೆಯುತ್ತಿದ್ದರು. ನನಗೆ ಮಾತ್ರ ಆ ಎರಡು ಸಡಿಲ ಬೋಲ್ಟ್ ನೆನಪಾಯಿತು. ಪ್ಲಾನ್ ನನ್ನದೇ, ಏಳು ಪುಟ. ಸೀಟಿ ಊದಿದೆ. "ಯಲ್ಲಾ, ಯಲ್ಲಾ! ಎಲ್ಲರೂ ಅಸೆಂಬ್ಲಿ ಪಾಯಿಂಟಿಗೆ!"

ನಮ್ಮ ಹುಡುಗರು ಶಿಸ್ತಿನವರು. ಒಬ್ಬನೂ ಎದುರಾಡದೆ ಸಾಲಾಗಿ ಹೊರಟರು. ಅಸೆಂಬ್ಲಿ ಪಾಯಿಂಟ್ ಅಂದರೆ ತುರ್ತಿನಲ್ಲಿ ಎಲ್ಲರೂ ಸೇರಬೇಕಾದ ಜಾಗ. ಬೆಂಕಿಗೆ ಹೆದರಿ ಅದನ್ನು ಕಟ್ಟಡಗಳಿಂದ ದೂರ, ಬಟ್ಟಬಯಲಿನಲ್ಲಿ ಇಟ್ಟಿರುತ್ತಾರೆ. ಅಲ್ಲಿ ಹೋಗಿ ನಿಂತ ಮೇಲೆ ನನಗೆ ತಿಳಿಯಿತು. ಮೂವತ್ತು ಹೆಲ್ಮೆಟ್ಟಿನ ಮೇಲೆ ಟಣಟಣ ಟಣಟಣ. ನಾನು ತಲೆ ಎಣಿಸುತ್ತಿದ್ದೇನೆ, ಸದ್ದಿಗೆ ಲೆಕ್ಕ ತಪ್ಪುತ್ತಿದೆ, ಮತ್ತೆ ಒಂದರಿಂದ ಶುರು.

"ಸಾರ್," ಕಾಕ ಕೂಗಿದರು, "ಈ ಪ್ಲಾನ್ ಬರೆದ ಪುಣ್ಯಾತ್ಮ ಯಾರು?"

"ಆಮೇಲೆ ಹೇಳ್ತೇನೆ ಕಾಕ."

ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವ. ಆಲಿಕಲ್ಲು ನಿಂತ ಮೇಲೆ ನೋಡಿದರೆ ಮರಳೆಲ್ಲ ಬೆಳ್ಳಗೆ! ಮಗಳ ಕತೆ ಕಾಕನಿಗೆ ಗೊತ್ತಿತ್ತು. ಅವರೇ ಓಡಿ ನೀರಿನ ಕೂಲರ್ ಖಾಲಿ ಮಾಡಿ ಆಲಿಕಲ್ಲು ತುಂಬಿ, ಮೇಲೆ ಗೋಣಿ ಸುತ್ತಿ ನನ್ನ ಕಾರಿನಲ್ಲಿಟ್ಟರು. "ಇವತ್ತು ಸ್ವಲ್ಪ ಬೇಗ ಓಡಿಸಿ ಸಾರ್, ನಿಮ್ಮ ಕಾಲು ಹಿಡೀತೇನೆ" ಅಂದರು.

ಒದ್ದೆ ರಸ್ತೆ. ನಾನು ನಲವತ್ತು ದಾಟಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದು ಹೊಡೆದು ಮುಂದೆ ಹೋದರು. ಮನೆ ತಲುಪಿ ಮುಚ್ಚಳ ತೆಗೆದರೆ ಕೆಂಪು ನೀರು, ಅಡಿಯಲ್ಲಿ ಮರಳು, ನಡುವೆ ಕಡಲೆಬೇಳೆಯಷ್ಟು ದೊಡ್ಡ ಒಂದೇ ಒಂದು ಹರಳು. ಮಗಳು ಬಗ್ಗಿ ನೋಡುವಾಗ ಅದೂ ಕರಗಿತು.

"ಪಪ್ಪಾ, ದಿಸ್ ಈಸ್ ನಾಟ್ ಸ್ನೋ. ದಿಸ್ ವಾಸ್ ಹೇಲ್. ನೀವೇ ಹೇಳಿಕೊಟ್ಟದ್ದು."

ಇಡೀ ಮರುಭೂಮಿ ಬಿಳಿಯಾದ ದಿನವೂ ನನ್ನ ಮಗಳಿಗೆ ನಾನು ತೋರಿಸಿದ್ದು ಒಂದು ಕೂಲರ್ ಕೆಸರು.

ಹೋಗುವ ಮೊದಲು

ಶುಕ್ರವಾರ ಹಾಲ್ ತುಂಬ ಜನ. ಕಾಕ ಕೂಡ ಹೆಂಡತಿಯನ್ನು ಕರೆದುಕೊಂಡು ಬಂದು ನಮ್ಮ ಪಕ್ಕದಲ್ಲೇ ಕೂತಿದ್ದರು. ಮಗಳ ಹೆಸರು ಕರೆದರು. ವೇದಿಕೆ ಹತ್ತಿದಳು. ಕೈಯಲ್ಲಿ ಮಡಚಿದ ಒಂದು ಹಾಳೆ.

ಮೈಕ್ ಹಿಡಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ.

ಐದು ಸೆಕೆಂಡ್. ಹತ್ತು. ಯಾರೋ ಕೆಮ್ಮಿದರು. ಅಯ್ಯೋ ದೇವರೇ, ಅದೇ ಆಯ್ತು, ಅದೇ ಆಗಿಹೋಯ್ತು! ಎತ್ತಿಕೊಂಡು ಬರುವ ಅಂತ ಎದ್ದೇಬಿಟ್ಟೆ. ಹೆಂಡತಿ ಅಂಗಿಯ ತುದಿ ಹಿಡಿದೆಳೆದಳು, "ಒಮ್ಮೆ ಕೂತ್ಕೊಳ್ಳಿ ಮಾರಾಯ್ರೆ!" ನಾನು ಅರ್ಧ ಎದ್ದು ಅರ್ಧ ಕೂತು ನಿಂತಿದ್ದೆ. ಮಗಳು ನನ್ನನ್ನು ನೋಡಿದಳು.

ಬೆನ್ನು ನೇರ ಮಾಡಿದಳು. ಒಂದು ಕೈ ಹಿಂದೆ ಕಟ್ಟಿದಳು. ಗಂಟಲು ಸರಿ ಮಾಡಿಕೊಂಡು, ದಿನಾ ಬೆಳಿಗ್ಗೆ ನಮ್ಮ ಬಾತ್‌ರೂಮಿನಿಂದ ಕೇಳುವ ಅದೇ ಸ್ವರದಲ್ಲಿ ಶುರು ಮಾಡಿದಳು.

"ಚಲೋ ಭಾಯಿ! ಎಲ್ಲರೂ ಬಂದ್ರಾ? ಫೋನ್ ಒಳಗಿಡಿ. ಇವತ್ತಿನ ವಿಷಯ, ಹಿಮ."

ಹಾಲ್ ಒಮ್ಮೆ ಗೊಳ್ಳೆಂದಿತು. ಅವಳು ನಗಲಿಲ್ಲ, ನಿಲ್ಲಲೂ ಇಲ್ಲ. "ಹಿಮಕ್ಕೆ ಬಣ್ಣ ಇಲ್ಲ. ಆರು ಮೂಲೆ ಉಂಟು. ಹಿಮ ಬಿದ್ರೆ ಊರು ಗಪ್‌ಚಿಪ್. ಒದ್ದೆ ಹಿಮ ಭಾರ, ಮಾಡಿನ ಬೋಲ್ಟ್ ನೋಡಿ. ಬೇರೆ ಊರಿನ ಹಿಮಕ್ಕೆ ವಾಸನೆ ಇಲ್ಲ. ನಮ್ಮ ಮನೆಯ ಹಿಮಕ್ಕೆ ಬಂಗುಡೆ ವಾಸನೆ. ಅದೇ ನಾನು ನೋಡಿದ ಮೊದಲ ಹಿಮ. ಆಲಿಕಲ್ಲು ದಾರಿಯಲ್ಲಿ ಕರಗಿತು, ಯಾಕಂದ್ರೆ ಪಪ್ಪ ನಲವತ್ತರಲ್ಲಿ ಬಂದ್ರು."

ಕಾಕ ತೊಡೆ ತಟ್ಟಿಕೊಂಡು ನಗುತ್ತಿದ್ದರು.

"ನನ್ನ ಪಪ್ಪನಿಗೆ ಎಲ್ಲದಕ್ಕೂ ಹೆದರಿಕೆ. ಮಾತಾಡ್ಲಿಕ್ಕೂ ಹೆದರಿಕೆ. ಬಾತ್‌ರೂಮಲ್ಲಿ ಪ್ರಾಕ್ಟೀಸ್ ಮಾಡ್ತಾರೆ, ನನಗೆ ಕೇಳ್ತದೆ. ಆದ್ರೂ ದಿನಾ ಹೋಗಿ ಮಾತಾಡ್ತಾರೆ. ಅದಕ್ಕೆ ನಾನೂ ಬಂದೆ."

ನನಗೆ ಎದುರಿನದ್ದೆಲ್ಲ ಮಂಜುಮಂಜಾಗಿ ಕಂಡಿತು. ಹೆಂಡತಿ ಹಿಡಿದಿದ್ದ ಅಂಗಿಯ ತುದಿಯಿಂದಲೇ ಕಣ್ಣು ಒರೆಸಿಕೊಂಡೆ.

"ಯಾರಿಗಾದ್ರೂ ಡೌಟ್ ಉಂಟಾ? ಇಲ್ಲ? ಖಲಾಸ್. ಹೋಗುವ ಮೊದಲು ಎಲ್ಲರೂ ಸೈನ್ ಮಾಡಿ."

ಕೈಯಲ್ಲಿದ್ದ ಹಾಳೆ ಬಿಡಿಸಿ ಮುಂದೆ ಹಿಡಿದಳು. ಗೆರೆ ಹಾಕಿದ ಖಾಲಿ ಹಾಳೆ. ಚಪ್ಪಾಳೆ ನಿಲ್ಲುವ ಮೊದಲೇ ನಮ್ಮ ಕಾಕ ಹದಿನೆಂಟು ವರ್ಷದ ಅಭ್ಯಾಸದಿಂದ ಎದ್ದು, ಜೇಬಿನಿಂದ ಪೆನ್ನು ತೆಗೆದು, ವೇದಿಕೆಗೆ ನಡೆದು ಸೈನ್ ಹಾಕಿಬಿಟ್ಟರು. ಅವರ ಹಿಂದೆ ಕಾರ್ಯದರ್ಶಿಗಳು. ಅವರ ಹಿಂದೆ ಹೊಳೆಯ ನೆರೆಯ ಹುಡುಗನ ಅಪ್ಪ. ಸಾಲೇ ಆಯಿತು. ಕೊನೆಗೆ ನಾನು. ಸೈನ್ ಹಾಕಿ ಅವಳನ್ನು ಎತ್ತಿಕೊಳ್ಳಲು ಬಾಗಿದೆ.

ಅವಳು ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, ಬೆರಳಿಟ್ಟು, ಮೈಕಿನಲ್ಲೇ ಹೇಳಿದಳು:

"ಪಪ್ಪಾ, ಟೈಮ್ ಬರೀಲಿಲ್ಲ."