ಮಾವನ ಕಂದು ಕುದುರೆ

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಹಲ್ಲು ಮಾತ್ರ ನೆನಪಿರುತ್ತದೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಎಲ್ಲರೂ ಹುಡುಗನ ಕೆಲಸ ವಿಚಾರಿಸುತ್ತಿದ್ದರೆ, ಇವರು ಅವನು ನಗುವುದನ್ನೇ ಕಾದು ಕೂತಿದ್ದರು. ಆಮೇಲೆ ಒಳಗೆ ಬಂದು, "ಅಲ್ಲು ಗಟ್ಟಿ ಅವೆ ಕಣವ್ವ, ಇನ್ನಿಪ್ಪತ್ತು ವರ್ಷ ದುಡೀತಾನೆ" ಎಂದು ಅಪ್ಪಣೆ ಕೊಟ್ಟರು. ಮದುವೆಯಾಗಿ ಈಗ ಹದಿನೈದು ವರ್ಷ. ಉಳಿದ ಐದರ ಬಗ್ಗೆ ನನ್ನ ಯಜಮಾನರಿಗೆ ಸ್ವಲ್ಪ ದಿಗಿಲಿದೆ.

ತಪ್ಪು ಮಾವನದಲ್ಲ. ಚಿಕ್ಕಜಾಲದಲ್ಲಿ ಹುಟ್ಟಿ, ರೇಸು ಕುದುರೆ ಸಾಕುವ ಫಾರಮ್ಮಿನಲ್ಲಿ ಪಶುವೈದ್ಯರ ಕೈಕೆಳಗೆ ಕಾಂಪೌಂಡರ್ ಆಗಿ, ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುತ್ತಾ ಮೂವತ್ತು ವರ್ಷ ಕಳೆದವರು. ಅತ್ತೆ ತೀರಿಕೊಂಡ ಮೇಲೆ ಬಾಗಲಗುಂಟೆಯ ನಮ್ಮ ಮನೆಗೇ ಬಂದುಬಿಟ್ಟರು.

ಎಂಟನೇ ಕ್ಲಾಸಿನ ನನ್ನ ಮಗಳು ಭಾನುವಾರ ನಮ್ಮ ಬೀದಿಯ ಇಬ್ಬರು ಗೆಳತಿಯರನ್ನು ಕೂರಿಸಿಕೊಂಡು ಒಂದು ಆಟ ಆಡುತ್ತಾಳೆ. ಒಬ್ಬೊಬ್ಬರದೂ ಒಂದೊಂದು ಪುಟ್ಟ ಕುದುರೆ. ಅದರ ಬಣ್ಣ, ಬಲ, ಬುದ್ಧಿ, ಒಂದು ವಿಶೇಷ ಪ್ರತಿಭೆ ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಳ್ಳಬೇಕು. ಮಗಳು ಕಥೆ ಹೇಳುತ್ತಾ ಹೋಗುತ್ತಾಳೆ. ಕಷ್ಟ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು, ದೊಡ್ಡ ಸಂಖ್ಯೆ ಬಿದ್ದರೆ ಬಚಾವು. ಒಂದು ಸಾಹಸ ಮುಗಿದರೆ ಕುದುರೆ ಒಂದು ಲೆವೆಲ್ ಮೇಲೇರಿ ಹೊಸ ಶಕ್ತಿ ಪಡೆಯುತ್ತದೆ. ಕುದುರೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮಾವ ಕೋಣೆಯಲ್ಲಿ ಕೂರುವುದುಂಟೆ?

ಮಗಳು ಅವರಿಗೂ ಒಂದು ಹಾಳೆ ಕೊಟ್ಟು, ಗುಲಾಬಿಯೋ ನೇರಳೆಯೋ ಎಂದು ಕೇಳಿದಳು. ಅಂಥ ಕುದುರೆ ಈ ಭೂಮಿಯ ಮೇಲಿಲ್ಲ ಎಂದು ಮಾವ ಕಂದು ಎಂದು ಬರೆಸಿದರು. ರೆಕ್ಕೆ ಬೇಡ, ಅಷ್ಟು ಭಾರದ ಮೈಯನ್ನು ಅದು ಎತ್ತುವುದಿಲ್ಲ. ಕೊಂಬಂತೂ ಬೇಡವೇ ಬೇಡ, ಪಕ್ಕದ ಕುದುರೆಗೆ ತಿವಿಯುತ್ತದೆ. ವಯಸ್ಸು ಹನ್ನೊಂದು, ಹೆಣ್ಣು, ಎಡಗಣ್ಣು ಮಂದ. ಗೆಳತಿಯರ ಕುದುರೆಗಳ ಪ್ರತಿಭೆ ಕಾಮನಬಿಲ್ಲು ಬರೆಯುವುದು, ಹಾಡುವುದು. ಮಾವನದು ನಿಂತುಕೊಂಡೇ ನಿದ್ದೆ ಮಾಡುವುದು.

"ಅದೇನ್ ವಿಶೇಷ ತಾತ? ಎಲ್ಲಾ ಕುದುರೆನೂ ಮಾಡುತ್ತೆ."

"ಇದು ಚೆನ್ನಾಗಿ ಮಾಡ್ತದೆ."

ಲೆವೆಲ್ ಏರಿದಾಗ ಉಳಿದವರು ಮೋಡದ ಮೇಲೆ ನಡೆಯುವ ಶಕ್ತಿ ಕೇಳಿದರೆ ಮಾವ ಹೊಸ ಲಾಳ ಕೇಳಿದರು. ಮುಂದಿನ ಲೆವೆಲ್ಲಿಗೆ ಜಂತುಹುಳದ ಔಷಧಿ. ರಾಣಿಯ ಔತಣದಲ್ಲಿ ಗೆಳತಿಯರ ಕುದುರೆಗಳು ಕೇಕ್ ತಿಂದ ದಿನ, ಕುದುರೆಗೆ ಹೊಟ್ಟೆ ಉಬ್ಬರಿಸಿದರೆ ಹೇಗೆ ನೆಲಕ್ಕೆ ಬಿದ್ದು ಹೊರಳುತ್ತದೆ, ಕರುಳು ಹೇಗೆ ಸುತ್ತಿಕೊಳ್ಳುತ್ತದೆ, ಎಷ್ಟು ಹೊತ್ತಿನಲ್ಲಿ ಪ್ರಾಣ ಹೋಗುತ್ತದೆ ಎಂದು ವಿವರಿಸಿದರು. ಒಬ್ಬಳು ಅಳುತ್ತಾ ಮನೆಗೆ ಹೋದಳು. ಅವಳ ತಾಯಿಗೆ ನಾನು ಏನೆಂದು ಹೇಳಲಿ? ನಿಮ್ಮ ಮಗಳ ನೇರಳೆ ಕುದುರೆಗೆ ಅಜೀರ್ಣವಾಗಿದೆ ಎಂದೇ?

ಆಮೇಲೊಂದು ಭಾನುವಾರ ಕಥೆಯಲ್ಲಿ ಹಗ್ಗದ ಸೇತುವೆ ಬಂತು. ಮಾವ ದಾಳ ಹಾಕಿದರು. ಒಂದು ಬಿತ್ತು. ಕಂದು ಕುದುರೆ ಕಂದಕಕ್ಕೆ ಉರುಳಿ ಮುಂಗಾಲು ಮುರಿದುಕೊಂಡಿತು. ಪರವಾಗಿಲ್ಲ, ಗೆಳತಿಯ ಕೊಂಬಿನ ಕುದುರೆ ಮಂತ್ರ ಹಾಕಿ ಸರಿಮಾಡುತ್ತದೆ ಎಂದಳು ಮಗಳು. ಮಾವ ತಮ್ಮ ಹಾಳೆಯನ್ನು ಎರಡಾಗಿ ಮಡಿಸಿದರು.

"ಮುಂಗಾಲು ಮುರಿದ್ರೆ ಮುಗೀತು ಮಗ."

"ಮೂರು ಕಾಲಲ್ಲಿ ಬದುಕಲ್ವಾ ತಾತ?"

ಬದುಕುವುದಿಲ್ಲ ಎಂದರು. ಭಾರವೆಲ್ಲ ಉಳಿದ ಕಾಲುಗಳ ಮೇಲೆ ಬಿದ್ದು ಅವೂ ಕೆಡುತ್ತವೆ, ಮಲಗಿಸಿದರೆ ಮೈ ಕೊಳೆಯುತ್ತದೆ, ಅದಕ್ಕೇ ಡಾಕ್ಟರು ಸೂಜಿ ಹಾಕಿಬಿಡುತ್ತಿದ್ದರು ಎಂದರು. ಆಗ ತಲೆ ಹಿಡಿದುಕೊಂಡು ಕಿವಿಯಲ್ಲಿ ಮಾತಾಡುತ್ತಾ ಇರುವುದು ಇವರ ಕೆಲಸವಂತೆ. ಹಾಗೆ ಹೋದವುಗಳ ಹೆಸರು ಹೇಳತೊಡಗಿದರು. ಹೆಸರುಗಳು ಮುಗಿಯಲೇ ಇಲ್ಲ.

"ಒಂದು ನನ್ನ ಅಂಗಿ ಕಾಲರ್ ನೆಕ್ತಾನೇ ಇತ್ತು, ಸೂಜಿ ಚುಚ್ಚೋವಾಗ್ಲೂ" ಎಂದರು ಮಾವ. "ಉಪ್ಪು ಬೇಕಿತ್ತು ಅದಕ್ಕೆ."

ಆ ವಾರವೆಲ್ಲ ಅವರು ಸರಿಯಾಗಿ ಊಟ ಮಾಡಲಿಲ್ಲ. ಆಟ ನಿಂತಿತು ಎಂದುಕೊಂಡೆ. ಆದರೆ ಮುಂದಿನ ಭಾನುವಾರ ಮಗಳು ಮಡಿಸಿದ ಹಾಳೆಯನ್ನು ಬಿಡಿಸಿಟ್ಟು, ಉಳಿದ ಕುದುರೆಗಳೂ ಕಂದಕಕ್ಕಿಳಿದು ಅದರ ಜೊತೆಗೇ ನಿಂತಿವೆ, ಇವತ್ತು ಏನು ಮಾಡಬೇಕು ಹೇಳಿ ತಾತ ಎಂದಳು. ಹೊಟ್ಟೆಯ ಕೆಳಗೆ ದಪ್ಪ ಬಟ್ಟೆ ಹಾಕಿ ಮರಕ್ಕೆ ಜೋಲಿ ಕಟ್ಟಬೇಕು ಎಂದರು ಮಾವ. ಅಲ್ಲಿಂದ ಆರು ಭಾನುವಾರ ರಾಕ್ಷಸನಿಲ್ಲ, ರಾಣಿಯಿಲ್ಲ. ಪಟ್ಟಿ ಬಿಚ್ಚುವುದು, ಪಟ್ಟಿ ಕಟ್ಟುವುದು, ಹುಲ್ಲು ತಿನ್ನಿಸುವುದು, ಮೈ ಉಜ್ಜುವುದು. ಇದೂ ಒಂದು ಆಟವೇ? ಅತ್ತು ಹೋಗಿದ್ದ ಹುಡುಗಿಯೇ ಎಲ್ಲರಿಗಿಂತ ಮೊದಲು ಬರುತ್ತಿದ್ದಳು.

ಕೊನೆಗೆ ಲೆವೆಲ್ ಏರುವ ದಿನ ಬಂತು. ಗೆಳತಿಯರಿಬ್ಬರೂ ತಮಗೆ ಬಂದ ಶಕ್ತಿ ಬೇಡ, ಅದನ್ನು ಆ ಕಾಲಿಗೆ ಕೊಟ್ಟುಬಿಡು ಎಂದರು. ನಿಯಮದಲ್ಲಿ ಹಾಗಿಲ್ಲ, ಆದರೂ ಮಗಳು ಒಪ್ಪಿಕೊಂಡಳು. ಅಷ್ಟಾದರೂ ಒಂದು ಸಲ ದಾಳ ಹಾಕಲೇಬೇಕು, ಹತ್ತರ ಮೇಲೆ ಬೀಳಬೇಕು. ಮಾವ ದಾಳವನ್ನು ಕೈಗೆ ತೆಗೆದುಕೊಂಡು, ಹಾಕಲಾಗದೆ ಅವಳಿಗೇ ಕೊಟ್ಟರು. ಅವಳು ಅದನ್ನು ಪುಸ್ತಕದ ಮರೆಯಲ್ಲಿ ಉರುಳಿಸಿದಳು. ಮಜ್ಜಿಗೆ ಲೋಟ ಹಿಡಿದು ಹಿಂದೆ ನಿಂತಿದ್ದ ನನಗೆ ಕಂಡಿತು. ಎರಡು.

"ಹದಿನೇಳು" ಎಂದಳು ಮಗಳು. "ಎದ್ದು ನಿಂತ್ಳು ತಾತ."

ಮಾವ ಹಾಳೆಯ ಮೇಲೆ ಅಂಗೈ ಇಟ್ಟುಕೊಂಡರು. "ಮೈ ನಡುಗ್ತೈತಾ?"

"ಸ್ವಲ್ಪ."

"ಮೊದ್ಲು ಅಂಗೇ ನಡುಗೋದು" ಎಂದರು, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎನ್ನುವಷ್ಟು ಮೆಲ್ಲಗೆ. "ಯಾರೂ ಅವಸರ ಮಾಡ್ಬೇಡಿ. ಇನ್ನೊಂದ್ ಗಳಿಗೆ ನಿಂತ್ಕಳ್ಲಿ."